ಗೃಹಸಭೆಯ ಗಾಯಗಳು: ಕೌಟುಂಬಿಕ ಹಿಂಸೆಗೆ ತುತ್ತಾದ ಯುವಜನರ ಶುಶ್ರೂಷೆ ಮತ್ತು ಧರ್ಮಸಭೆಯ ಹೊಣೆ

ಕ್ರೈಸ್ತ ಕುಟುಂಬವನ್ನು 'ಗೃಹಸಭೆ' ಎಂದು ಕರೆಯುವುದು ನಮಗೆ ರೂಢಿಯಾಗಿದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಹೊರಡಿಸಿದ 'ಲೂಮೆನ್ ಜೆಂಸಿಯುಮ್' ಸಂವಿಧಾನದ 11ನೆಯ ಪರಿಚ್ಛೇದದಿಂದ ಈ ಪ್ರಾಚೀನ ಕಲ್ಪನೆಗೆ ಹೊಸ ಜೀವ ಬಂದಿತು. ತಂದೆತಾಯಿಯರೇ ಮಕ್ಕಳಿಗೆ ವಿಶ್ವಾಸದ ಮೊದಲ ಬೋಧಕರೆಂಬುದು ಅಲ್ಲಿನ ತಾತ್ಪರ್ಯ. ವಿವಾಹ ಸಿದ್ಧತಾ ಶಿಬಿರಗಳಲ್ಲಿಯೂ ಭಾನುವಾರದ ಪ್ರಬೋಧನೆಗಳಲ್ಲಿಯೂ ನಾವು ಇದನ್ನು ಮತ್ತೆ ಮತ್ತೆ ಹೇಳುತ್ತೇವೆ. ಆದರೆ ಅದೇ ಗೃಹಸಭೆಯೊಳಗೆ ಮಗನೋ ಮಗಳೋ ಸೊಸೆಯೋ ಪೆಟ್ಟು ತಿಂದು ನಮ್ಮ ಬಾಗಿಲಿಗೆ ಬಂದಾಗ ಏನು ಮಾಡಬೇಕು ಎಂಬ ವಿಷಯದಲ್ಲಿ ನಮ್ಮ ಸಿದ್ಧತೆ ಅತ್ಯಲ್ಪ. ಈ ಕೊರತೆಯನ್ನು ನಾವು ಪುಸ್ತಕದಿಂದ ಅರಿತವರಲ್ಲ. ಒಂದು ಆಸ್ಪತ್ರೆಯ ವಾರ್ಡಿನಲ್ಲಿ ಅರಿತೆವು.

ನಮ್ಮ ಯಾಜಕ ಜೀವನದ ಮೊದಲ ವರ್ಷಗಳಲ್ಲಿ ಕಾಲೇಜಿನಲ್ಲಿ ಓದುತ್ತಿದ್ದ ಯುವತಿಯೊಬ್ಬಳು ಬಲಿಪೂಜೆಯ ನಂತರ ನಮ್ಮನ್ನು ಕಂಡಳು. ತಂದೆ ಕುಡಿದು ಬಂದು ತಾಯಿಯನ್ನು ಹೊಡೆಯುತ್ತಾನೆ, ತಡೆಯಲು ಹೋದರೆ ತನ್ನನ್ನೂ ಹೊಡೆಯುತ್ತಾನೆ ಎಂದಳು. ನಾವು ನಾಲ್ಕನೆಯ ಕಟ್ಟಳೆಯನ್ನು ನೆನಪಿಸಿದೆವು; ತಂದೆಯನ್ನು ಕ್ಷಮಿಸು, ಮನೆಯಲ್ಲಿ ಜಪಮಾಲೆಯನ್ನು ಪ್ರಾರ್ಥಿಸಿ ಎಂದೆವು; ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿ ಕಳುಹಿಸಿದೆವು. ಕೆಲವು ವಾರಗಳ ಮೇಲೆ ವ್ಯಾಧಿಸ್ಥರ ಅಭ್ಯಂಗಕ್ಕೆಂದು ಆಸ್ಪತ್ರೆಯೊಂದಕ್ಕೆ ಹೋದಾಗ ಮಹಿಳೆಯರ ವಾರ್ಡಿನಲ್ಲಿ ಅವಳನ್ನು ಕಂಡೆವು. ಮುಂಗೈ ಮುರಿದಿತ್ತು. ತಂದೆ ಹಾಸಿಗೆಯ ಪಕ್ಕದಲ್ಲಿ ಹಣ್ಣಿನ ಚೀಲ ಹಿಡಿದು ಕುಳಿತಿದ್ದ. ಮೆಟ್ಟಿಲಿನಿಂದ ಬಿದ್ದಳೆಂದು ಎಲ್ಲರಿಗೂ ಹೇಳುತ್ತಿದ್ದ.

ಪಾಳಿಯಲ್ಲಿದ್ದ ಹಿರಿಯ ಶುಶ್ರೂಷಕಿ ಬಂದು, ಡ್ರೆಸ್ಸಿಂಗ್ ಬದಲಾಯಿಸಬೇಕು ಎಂದು ತಂದೆಯನ್ನು ಹೊರಗೆ ಕಳುಹಿಸಿದರು. ಬಳಿಕ ನಮ್ಮ ಕಡೆ ತಿರುಗಿ, "ಫಾದರ್, ನೀವೂ ಸ್ವಲ್ಪ ಹೊರಗೆ ನಿಲ್ಲಬೇಕು" ಎಂದು ಪರದೆ ಎಳೆದರು. ಅರ್ಧ ಗಂಟೆಯ ಮೇಲೆ ಆ ಯುವತಿಯ ಒಪ್ಪಿಗೆ ಪಡೆದೇ ನಮ್ಮೊಡನೆ ಮಾತನಾಡಿದರು. "ಕ್ಷಮಿಸು ಅಂತ ಹೇಳಿ ಕಳಿಸಿದಿರಂತೆ, ಫಾದರ್. ಆ ರಾತ್ರಿ ಅವಳು ಎಲ್ಲಿ ಮಲಗಬೇಕು ಅಂತ ಕೇಳಿದಿರಾ?"

ನಾವು ಕೇಳಿರಲಿಲ್ಲ. ಆ ಪ್ರಶ್ನೆಗೆ ದೈವಶಾಸ್ತ್ರದ ಉತ್ತರವೇನು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಸುರಕ್ಷತೆಯು ಕ್ಷಮೆಗೆ ಮುಂಚಿತವಾದುದು, ಶುಶ್ರೂಷಕಿಯರು ಪಾಲಿಸುವ ಈ ಕ್ರಮವು ಸುವಾರ್ತೆಗೆ ವಿರುದ್ಧವಲ್ಲ, ಅದರದೇ ಕ್ರಮ.

1. ಹಿಂಸೆಯ ಸ್ವರೂಪ

ನಮ್ಮ ದೇಶದಲ್ಲಿ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಅಧಿನಿಯಮವು 2005ರಲ್ಲಿ ಅಂಗೀಕೃತವಾಗಿ 2006ರ ಅಕ್ಟೋಬರ್ 26ರಂದು ಜಾರಿಗೆ ಬಂದಿತು. ಅದು ಹಿಂಸೆಯನ್ನು ದೈಹಿಕ, ಲೈಂಗಿಕ, ಮಾತಿನ ಹಾಗೂ ಭಾವನಾತ್ಮಕ, ಆರ್ಥಿಕ ಎಂದು ನಾಲ್ಕು ಬಗೆಯಾಗಿ ಗುರುತಿಸುತ್ತದೆ. ಹೊಡೆತ ಮಾತ್ರ ಹಿಂಸೆಯಲ್ಲ. ಪರೀಕ್ಷೆಯ ಶುಲ್ಕ ಕಟ್ಟದೆ ಓದು ನಿಲ್ಲಿಸುವುದು, ಸಂಬಳವನ್ನು ಕಸಿದುಕೊಳ್ಳುವುದು, ದಿನನಿತ್ಯ ಹೀಯಾಳಿಸುವುದು ಕೂಡ ಹಿಂಸೆಯೇ. ಪತ್ನಿಯಷ್ಟೇ ಅಲ್ಲ, ಒಂದೇ ಮನೆಯಲ್ಲಿ ಬಾಳುವ ಮಗಳು, ಸಹೋದರಿ, ತಾಯಿ ಮೊದಲಾದವರಿಗೂ ಈ ಕಾನೂನಿನ ರಕ್ಷಣೆಯಿದೆ ಎಂಬುದನ್ನು ನಮ್ಮಲ್ಲಿ ಅನೇಕರು ಅರಿತಿಲ್ಲ.

2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 18ರಿಂದ 49 ವರ್ಷದೊಳಗಿನ ವಿವಾಹಿತ ಸ್ತ್ರೀಯರಲ್ಲಿ ಪತಿಯಿಂದ ಹಿಂಸೆ ಅನುಭವಿಸಿದವರು ದೇಶದಲ್ಲಿ ಶೇಕಡಾ 29.3. ಕರ್ನಾಟಕದಲ್ಲಿ ಅದು ಶೇಕಡಾ 44.4. ಹಿಂಸೆಗೆ ತುತ್ತಾದ ಸ್ತ್ರೀಯರಲ್ಲಿ ಯಾರಿಂದಲಾದರೂ ನೆರವು ಕೋರಿದವರು ದೇಶದಲ್ಲಿ ಶೇಕಡಾ 14 ಮಾತ್ರ. ನಮ್ಮ ಧರ್ಮಕೇಂದ್ರಗಳು ಈ ಲೆಕ್ಕದಿಂದ ಹೊರಗಿವೆ ಎಂದು ಭಾವಿಸಲು ಯಾವ ಆಧಾರವೂ ಇಲ್ಲ.

ಯುವಜನರ ಸಂಕಟ ವಿಶೇಷವಾದುದು. ಹದಿನೆಂಟು ತುಂಬಿದೊಡನೆ ಮಕ್ಕಳ ರಕ್ಷಣಾ ವ್ಯವಸ್ಥೆ ಅವರನ್ನು ಬಿಟ್ಟುಬಿಡುತ್ತದೆ. ಕಾನೂನಿನ ದೃಷ್ಟಿಯಲ್ಲಿ ಅವರು ವಯಸ್ಕರು. ಆದರೆ ಊಟ, ವಸತಿ, ಓದು ಎಲ್ಲವೂ ಹಿಂಸಿಸುವವನ ಕೈಯಲ್ಲಿಯೇ ಇರುತ್ತವೆ. ಹೊಸದಾಗಿ ಮದುವೆಯಾದ ಇಪ್ಪತ್ತರ ಹುಡುಗಿಗೆ ತವರಿಗೆ ಮರಳುವ ದಾರಿ ಅವಮಾನದಿಂದ ಮುಚ್ಚಿರುತ್ತದೆ. ತಾಯಿಯ ಮೇಲೆ ಬೀಳುವ ಏಟನ್ನು ತಾನು ತಡೆಯಲು ಹೋಗಿ ಗಾಯಗೊಂಡ ಯುವಕನ ಸ್ಥಿತಿಯಂತೂ ಇನ್ನೂ ವಿಚಿತ್ರ: ಮೇಲೆ ಹೇಳಿದ ಕಾನೂನು ಸ್ತ್ರೀಯರಿಗಾಗಿ ಇರುವಂಥದು, ಗಂಡಸಾಗಿ ಅಳಬಾರದೆಂಬುದು ಸಮಾಜದ ಕಟ್ಟಳೆ. ಅವನ ಗಾಯವನ್ನು ಬೀದಿ ಜಗಳದ ಗಾಯವೆಂದೇ ಬಹುಮಂದಿ ಬಗೆಯುತ್ತಾರೆ.

ಪೆಟ್ಟು ಬೀಳದೆ ನೋಡಿದವರೂ ಗಾಯಗೊಂಡವರೇ. ಅಮೆರಿಕದ ವೈದ್ಯರಾದ ಫೆಲಿಟ್ಟಿ ಮತ್ತು ಆಂಡಾ ಅವರು ಸಂಗಡಿಗರೊಂದಿಗೆ 1998ರಲ್ಲಿ ಪ್ರಕಟಿಸಿದ ಪ್ರಸಿದ್ಧ ಅಧ್ಯಯನವು ಬಾಲ್ಯದ ಕಹಿ ಅನುಭವಗಳನ್ನು ಎಣಿಸಿತು; ತಾಯಿ ಹಿಂಸೆಗೊಳಗಾಗುವುದನ್ನು ಕಂಡದ್ದೂ ಅವುಗಳಲ್ಲೊಂದು. ಇಂಥ ಅನುಭವಗಳು ಹೆಚ್ಚಿದಂತೆಲ್ಲ ಪ್ರಾಯದಲ್ಲಿ ಖಿನ್ನತೆ, ಕುಡಿತ, ಆತ್ಮಹತ್ಯಾ ಪ್ರಯತ್ನ, ಹೃದ್ರೋಗ ಮುಂತಾದವುಗಳ ಸಂಭವವೂ ಹೆಚ್ಚುತ್ತದೆಂದು ಅದು ತೋರಿಸಿತು. ತಂದೆಯ ಪಾಪದ ಭಾರ ಮಕ್ಕಳ ಮೇಲೆ ಬೀಳುವುದೆಂಬ ಪವಿತ್ರ ಗ್ರಂಥದ ಮಾತನ್ನು ನಾವು ಶಿಕ್ಷೆಯೆಂದು ಓದುವ ಬದಲು ಒಂದು ರೋಗ ಹಬ್ಬುವ ಬಗೆಯ ವರ್ಣನೆಯೆಂದು ಓದಬಹುದು.

2. ತಾಮಾರಳ ಮೌನ

ಸಮುವೇಲನ ಎರಡನೆಯ ಗ್ರಂಥದ 13ನೆಯ ಅಧ್ಯಾಯವನ್ನು ನಮ್ಮ ದೇವಾಲಯಗಳಲ್ಲಿ ಓದುವುದು ಅಪರೂಪ. ಅದೊಂದು ರಾಜಮನೆತನದೊಳಗಿನ ಹಿಂಸೆಯ ಕಥೆ. ಅದರ ಕೇಂದ್ರದಲ್ಲಿರುವವಳು ಪ್ರಾಯಕ್ಕೆ ಬಂದ ಅವಿವಾಹಿತ ಯುವತಿ. ದಾವೀದನ ಹಿರಿಯ ಮಗ ಅಮ್ನೋನನು ಕಾಯಿಲೆಯವನಂತೆ ನಟಿಸಿ ಮಲಗುತ್ತಾನೆ. ತಂಗಿ ತಾಮಾರಳು ಬಂದು ತನ್ನೆದುರಿಗೇ ಅಡುಗೆ ಮಾಡಿ ಬಡಿಸಲೆಂದು ತಂದೆಯನ್ನು ಬೇಡುತ್ತಾನೆ. ದಾವೀದನು ಅವಳನ್ನು ಕಳುಹಿಸುತ್ತಾನೆ. ಅಂದರೆ ತಾಮಾರಳು ಆ ಮನೆಗೆ ಹೋದದ್ದು ಶುಶ್ರೂಷಕಿಯಾಗಿ. ರೋಗಿಯ ಆರೈಕೆಗೆ ಹೋದವಳೇ ಗಾಯಗೊಂಡಳು. ಬಳಿಕ ಅವಳನ್ನು ಹೊರದೂಡಿ ಬಾಗಿಲಿಗೆ ಅಗುಳಿ ಹಾಕಲಾಯಿತು.

ಮುಂದೆ ನಡೆದುದನ್ನು ಗಮನವಿಟ್ಟು ಓದಬೇಕು. ತಾಮಾರಳು ಸುಮ್ಮನಿರಲಿಲ್ಲ. ಘಟನೆಗೆ ಮುಂಚೆ ಕಾರಣಗಳನ್ನು ಕೊಟ್ಟು ವಾದಿಸಿದಳು. ನಂತರ ತಲೆಗೆ ಬೂದಿ ಹಾಕಿಕೊಂಡು, ಉಡುಪನ್ನು ಹರಿದುಕೊಂಡು, ಗಟ್ಟಿಯಾಗಿ ಅಳುತ್ತ ಹೋದಳು. ಅವಳನ್ನು ಸುಮ್ಮನಾಗಿಸಿದವನು ಅವಳ ಪಕ್ಷದವನೇ ಆದ ಅಣ್ಣ ಅಬ್ಷಾಲೋಮನು. ಅವನು ನಿನ್ನ ಸಹೋದರನಲ್ಲವೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂಬರ್ಥದ ಮಾತು ಹೇಳಿದನು. ತಂದೆ ದಾವೀದನಿಗೆ ಬಹಳ ಕೋಪ ಬಂದಿತು. ಆದರೆ ಏನನ್ನೂ ಮಾಡಿದಂತೆ ಕಾಣುವುದಿಲ್ಲ. ಅವಳನ್ನು ಕಂಡು ಮಾತನಾಡಿಸಿದನೆಂದೂ ಇಲ್ಲ. ಎರಡು ವರ್ಷಗಳ ಮೇಲೆ ಅಬ್ಷಾಲೋಮನು ಸೇಡು ತೀರಿಸಿಕೊಂಡನು. ಅಷ್ಟರಲ್ಲಿ ತಾಮಾರಳು ಅಣ್ಣನ ಮನೆಯಲ್ಲಿ ಬರಿದಾಗಿ ಉಳಿದಳು ಎಂಬ ಒಂದೇ ಮಾತಿನೊಡನೆ ಗ್ರಂಥದಿಂದ ಮರೆಯಾಗುತ್ತಾಳೆ.

ಈ ಅಧ್ಯಾಯದಲ್ಲಿ ಕೋಪಗೊಂಡವರಿದ್ದಾರೆ, ಕೊಂದವರಿದ್ದಾರೆ, ಸಮಾಧಾನ ಹೇಳಿದವರಿದ್ದಾರೆ. ಅವಳ ಗಾಯವನ್ನು ತೊಳೆದವರಿಲ್ಲ. ನಿನಗೇನು ಬೇಕು ಎಂದು ಕೇಳಿದವರಿಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ನಡೆಯುವುದೂ ಬಹುಮಟ್ಟಿಗೆ ಇಷ್ಟೇ. 'ಮನೆಯ ಮಾತು ಬೀದಿಗೆ ಬರಬಾರದು' ಎನ್ನುವ ನಾವು ಅಬ್ಷಾಲೋಮನ ಮಾತನ್ನೇ ಆಡುತ್ತಿದ್ದೇವೆ.

3. ಶುಶ್ರೂಷೆಯ ಕ್ರಮ

ತಾಮಾರಳಿಗೆ ದೊರೆಯದುದನ್ನು ಇಂದಿನ ಶುಶ್ರೂಷಾ ಶಾಸ್ತ್ರವು ಕ್ರಮಬದ್ಧವಾಗಿ ಕಲಿಸುತ್ತದೆ. ಪತಿ ಅಥವಾ ಸಂಗಾತಿಯ ಹಿಂಸೆಗೂ ಲೈಂಗಿಕ ಹಿಂಸೆಗೂ ಒಳಗಾದ ಸ್ತ್ರೀಯರ ಆರೈಕೆ ಕುರಿತು ವಿಶ್ವ ಆರೋಗ್ಯ ಸಂಸ್ಥೆಯು 2013ರಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿತು. ಅದರ ಪ್ರಥಮ ನೆರವಿನಲ್ಲಿ ಐದು ಹೆಜ್ಜೆಗಳಿವೆ: ಆಲಿಸುವುದು, ಅಗತ್ಯಗಳನ್ನು ವಿಚಾರಿಸುವುದು, ನಂಬಿದ್ದೇವೆಂದು ತಿಳಿಸುವುದು, ಸುರಕ್ಷತೆಯನ್ನು ಹೆಚ್ಚಿಸುವುದು, ಮುಂದಿನ ನೆರವಿನೊಡನೆ ಸಂಪರ್ಕ ಕಲ್ಪಿಸುವುದು. ಇವುಗಳಲ್ಲಿ ಉಪದೇಶವೆಂಬ ಹೆಜ್ಜೆಯಿಲ್ಲ ಎಂಬುದನ್ನು ಯಾಜಕರಾದ ನಾವು ಗಮನಿಸಬೇಕು.

ವಾರ್ಡಿನಲ್ಲಿ ಈ ಹೆಜ್ಜೆಗಳು ಹೀಗಿರುತ್ತವೆ. ಮೊದಲನೆಯದು ಏಕಾಂತ. ನಮ್ಮ ಆಸ್ಪತ್ರೆಗಳಲ್ಲಿ ರೋಗಿಯ ಬಳಿ ಮನೆಯವರೊಬ್ಬರು ಇದ್ದೇ ಇರುತ್ತಾರೆ. ಸಮಾರಿಯದವನ ಸಾಮತಿಯಲ್ಲಿ ಕಳ್ಳರು ಹೊಡೆದು ಓಡಿಹೋದರು. ಇಲ್ಲಿ ಹೊಡೆದವನೇ ಆರೈಕೆಗೆ ನಿಂತಿರಬಹುದು. ಆದುದರಿಂದ ಎಕ್ಸರೇ, ಡ್ರೆಸ್ಸಿಂಗ್, ಸ್ನಾನ ಎಂಬ ನೆಪದಿಂದ ಅನುಭವಿ ಶುಶ್ರೂಷಕಿಯು ರೋಗಿಯನ್ನು ಒಂಟಿಯಾಗಿ ಕಾಣುತ್ತಾಳೆ. ಮನೆಯವರ ಎದುರಿಗೆ ಹಿಂಸೆಯ ಮಾತನ್ನೇ ಎತ್ತುವುದಿಲ್ಲ. ಹಾಗೆ ಎತ್ತಿದರೆ ಆ ರಾತ್ರಿಯೇ ಅದರ ಫಲವನ್ನು ರೋಗಿ ಉಣ್ಣಬೇಕಾದೀತು.

ಎರಡನೆಯದು ಗುರುತಿಸುವಿಕೆ. ಹೇಳಿದ ಕಾರಣಕ್ಕೂ ಕಂಡ ಗಾಯಕ್ಕೂ ಹೊಂದದಿರುವುದು, ಚಿಕಿತ್ಸೆಗೆ ತಡವಾಗಿ ಬರುವುದು, ಮುಖ, ಕುತ್ತಿಗೆ, ಮುಂಗೈಗಳ ಗಾಯ, ಮಾಸಿದ ಮತ್ತು ಹೊಸ ಬಾಸುಂಡೆಗಳು ಒಟ್ಟಿಗಿರುವುದು, ಕಾರಣ ತಿಳಿಯದ ತಲೆನೋವು, ನಿದ್ರಾಹೀನತೆ ಇವೆಲ್ಲ ಸೂಚನೆಗಳು. ಕುತ್ತಿಗೆ ಹಿಸುಕಿದ ಪ್ರಸಂಗದಲ್ಲಿ ವಿಶೇಷ ಎಚ್ಚರ ಬೇಕು. ಹೊರಗೆ ಗುರುತೇ ಇರದಿದ್ದರೂ ಒಳಗೆ ಪ್ರಾಣಾಪಾಯವಿರಬಹುದು. ಧ್ವನಿ ಒಡೆದಿರುವುದು, ನುಂಗಲು ಕಷ್ಟವಾಗುವುದು, ಕಣ್ಣಿನಲ್ಲಿ ಕೆಂಪು ಚುಕ್ಕೆಗಳು ಕಂಡುಬಂದರೆ ತಡಮಾಡದೆ ವೈದ್ಯರು ಪರೀಕ್ಷಿಸಬೇಕು. ಹಿಂದೊಮ್ಮೆ ಕುತ್ತಿಗೆ ಹಿಸುಕಿದವನು ಮುಂದೆ ಕೊಲ್ಲುವ ಸಂಭವ ಹೆಚ್ಚೆಂಬುದು ಈ ಕ್ಷೇತ್ರದವರೆಲ್ಲ ಬಲ್ಲ ಸತ್ಯ. ವಿಷ ಕುಡಿದೋ ಮಾತ್ರೆ ನುಂಗಿಯೋ ಬಂದ ಯುವಜನರ ಹಿಂದೆಯೂ ಮನೆಯ ಹಿಂಸೆ ಅಡಗಿರಬಹುದು. 2017ರ ಮಾನಸಿಕ ಆರೋಗ್ಯ ಪಾಲನಾ ಅಧಿನಿಯಮದ 115ನೆಯ ಪ್ರಕರಣವು ಅಂಥವರನ್ನು ತೀವ್ರ ಒತ್ತಡಕ್ಕೆ ಸಿಲುಕಿದವರೆಂದು ಭಾವಿಸಿ ಆರೈಕೆ ಮಾಡಬೇಕೆನ್ನುತ್ತದೆ, ಅಪರಾಧಿಗಳೆಂದಲ್ಲ. ಇಂಥವರ ಹಾಸಿಗೆಯ ಬಳಿ ನಿಂತು ಪಾಪದ ಕುರಿತು ಬೋಧಿಸುವ ಯಾಜಕನಿಗಿಂತ ಕಾನೂನೇ ಹೆಚ್ಚು ಕರುಣೆಯುಳ್ಳದ್ದಾಗಬಾರದು.

ಮೂರನೆಯದು ನೇರ ಪ್ರಶ್ನೆ ಮತ್ತು ನಂಬಿಕೆ. 'ಮನೆಯಲ್ಲಿ ಯಾರಾದರೂ ನಿಮ್ಮನ್ನು ನೋಯಿಸುತ್ತಾರೆಯೆ?' ಎಂದು ಸರಳವಾಗಿ ಕೇಳುವುದು, ಉತ್ತರ ಬಂದಾಗ 'ಇದು ನಿಮ್ಮ ತಪ್ಪಲ್ಲ' ಎನ್ನುವುದು, ಬಾರದಿದ್ದರೆ ಒತ್ತಾಯಿಸದಿರುವುದು. ತಾನು ಕೇಳಿದ್ದರಲ್ಲಿ ಯಾವುದನ್ನು ಗುಟ್ಟಾಗಿಡಬಲ್ಲೆ, ಯಾವುದನ್ನು ಕಾನೂನಿನಂತೆ ತಿಳಿಸಬೇಕಾಗಬಹುದು ಎಂಬುದನ್ನು ಮೊದಲೇ ಹೇಳುವುದು ಪ್ರಾಮಾಣಿಕತೆಯ ಲಕ್ಷಣ.

ನಾಲ್ಕನೆಯದು ದಾಖಲೆ. ರೋಗಿಯು ಹೇಳಿದ ಮಾತನ್ನು ಆಕೆಯ ಮಾತಿನಲ್ಲಿಯೇ ಬರೆದು, ಗಾಯಗಳ ಸ್ಥಳ, ಅಳತೆ, ಬಣ್ಣಗಳನ್ನು ದೇಹದ ರೇಖಾಚಿತ್ರದಲ್ಲಿ ಗುರುತಿಸಲಾಗುತ್ತದೆ. ತಿಂಗಳುಗಳ ಮೇಲೆ ನ್ಯಾಯಾಲಯದಲ್ಲಿ ಈ ಹಾಳೆಯೇ ಸಾಕ್ಷಿ ನುಡಿಯಬಹುದು. ಸಾಕ್ಷಿಯಾಗುವುದು ಕ್ರೈಸ್ತರಿಗೆ ಹೊಸ ಮಾತಲ್ಲ. ಕೇಸ್ ಶೀಟನ್ನು ಸತ್ಯವಾಗಿ ಬರೆಯುವುದು ಅದರ ಒಂದು ರೂಪ.

ಐದನೆಯದು ಬಿಡುಗಡೆಯ ಮುನ್ನ ಸುರಕ್ಷತೆಯ ಯೋಜನೆ. ಮನೆಗೆ ಹೋಗುವುದು ಕ್ಷೇಮವೆ? ಇಲ್ಲವಾದರೆ ಎಲ್ಲಿಗೆ? ಹೋಗಲೇಬೇಕಾದರೆ ಅಪಾಯದ ಹೊತ್ತಿನಲ್ಲಿ ಯಾವ ನೆರೆಮನೆಯ ಬಾಗಿಲು ತಟ್ಟಬಹುದು? ಆಧಾರ್, ಅಂಕಪಟ್ಟಿ, ಬ್ಯಾಂಕಿನ ಪಾಸ್‌ಬುಕ್, ಸ್ವಲ್ಪ ಹಣ ಒಂದೆಡೆ ಇವೆಯೆ? ಒಂದು ದೂರವಾಣಿ ಸಂಖ್ಯೆಯಾದರೂ ಬಾಯಿಪಾಠವಾಗಿದೆಯೆ? ಮನೆಯವರು ಓದುವ ಡಿಸ್ಚಾರ್ಜ್ ಚೀಟಿಯಲ್ಲಿ ಇವನ್ನು ಬರೆಯುವಂತಿಲ್ಲ. ನಿರ್ಧಾರವಂತೂ ರೋಗಿಯದೇ. ಹೊಡೆತದಿಂದ ತನ್ನ ಬದುಕಿನ ಮೇಲಿನ ಹಿಡಿತವನ್ನು ಕಳೆದುಕೊಂಡವರ ಪರವಾಗಿ ಮತ್ತೊಬ್ಬರು ನಿರ್ಧರಿಸಿದರೆ ಅದು ಇನ್ನೊಂದು ಬಗೆಯ ಕಸಿಯುವಿಕೆಯಾಗುತ್ತದೆ.

ಮನೋವೈದ್ಯೆ ಜುಡಿತ್ ಹರ್ಮನ್ ಅವರು 1992ರ ತಮ್ಮ ಗ್ರಂಥದಲ್ಲಿ ಚೇತರಿಕೆಯ ಮೂರು ಹಂತಗಳನ್ನು ವಿವರಿಸಿದ್ದಾರೆ: ಮೊದಲು ಸುರಕ್ಷತೆ, ಆಮೇಲೆ ನಡೆದುದನ್ನು ನೆನೆದು ದುಃಖಿಸುವುದು, ಕೊನೆಗೆ ಬದುಕಿನೊಡನೆ ಮತ್ತೆ ಬೆಸೆದುಕೊಳ್ಳುವುದು. ಲೂಕನ ಶುಭಸಂದೇಶದ ಸಮಾರಿಯದವನೂ ಹೀಗೆಯೇ ನಡೆದನು. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದನು. ಅಪಾಯದ ಜಾಗದಿಂದ ಛತ್ರಕ್ಕೆ ಒಯ್ದನು. ಆ ರಾತ್ರಿ ಜೊತೆಗಿದ್ದು ಆರೈಕೆ ಮಾಡಿದನು. ಮರುದಿನ ಹಣ ಕೊಟ್ಟು, ಮತ್ತೆ ಬರುವೆನೆಂದನು. ಆ ದಾರಿಯಲ್ಲಿ ಒಂಟಿಯಾಗಿ ಏಕೆ ಬಂದೆ ಎಂದು ಕೇಳಲಿಲ್ಲ. ಕಳ್ಳರನ್ನು ಕ್ಷಮಿಸೆಂದು ಗಾಯ ಕಟ್ಟುವ ಮುಂಚೆ ಬೋಧಿಸಲೂ ಇಲ್ಲ.

4. ಕ್ಷಮೆ, ಶಿಲುಬೆ ಮತ್ತು ಕಾನೂನು

ಹಾಗಾದರೆ ಕ್ಷಮೆಯ ಗತಿಯೇನು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ಕ್ಷಮೆಯು ಸುವಾರ್ತೆಯ ಹೃದಯ. ಅದನ್ನು ನಾವು ಕಡೆಗಣಿಸಲಾರೆವು. ಆದರೆ ಕ್ಷಮೆ ಬೇರೆ, ಸಂಧಾನ ಬೇರೆ, ಒಂದೇ ಸೂರಿನಡಿ ಮತ್ತೆ ಬಾಳುವುದು ಬೇರೆ. ಕ್ಷಮೆಯು ಗಾಯಗೊಂಡವರ ಅಂತರಂಗದಲ್ಲಿ ದೇವರ ವರದಿಂದ, ತನ್ನ ಕಾಲದಲ್ಲಿ ಹುಟ್ಟುವಂಥದು. ಸಂಧಾನಕ್ಕೆ ಹೊಡೆದವನ ಪಶ್ಚಾತ್ತಾಪವೂ ತಿದ್ದುಪಡಿಯೂ ಬೇಕು. ಲೂಕನ 17ನೆಯ ಅಧ್ಯಾಯದಲ್ಲಿ ಪ್ರಭುವು ತಪ್ಪು ಮಾಡಿದ ಸಹೋದರನನ್ನು ಗದರಿಸಲು ಹೇಳಿ, ಪಶ್ಚಾತ್ತಾಪಪಟ್ಟರೆ ಕ್ಷಮಿಸೆನ್ನುತ್ತಾರೆ. ಗದರಿಸುವ ಹೊಣೆಯನ್ನು ನಾವು ಬಿಟ್ಟು, ಕ್ಷಮಿಸುವ ಹೊಣೆಯನ್ನು ಮಾತ್ರ ಪೆಟ್ಟು ತಿಂದವರ ಮೇಲೆ ಹೊರಿಸುವುದು ಸುವಾರ್ತೆಯನ್ನು ಅರ್ಧ ಓದಿದಂತೆ.

'ಇದು ನಿನ್ನ ಶಿಲುಬೆ, ಹೊತ್ತುಕೋ' ಎಂಬ ಮಾತೂ ಹಾಗೆಯೇ. ಪ್ರಭುವು ತನ್ನ ಪ್ರಾಣವನ್ನು ಸ್ವಇಚ್ಛೆಯಿಂದ ಒಪ್ಪಿಸಿದರು. ಯಾರೂ ಅದನ್ನು ಅವರಿಂದ ಕಸಿಯಲಿಲ್ಲ. ಅದಕ್ಕೆ ಮುಂಚೆ ಹೆರೋದನ ಖಡ್ಗದಿಂದ ಪಾರುಮಾಡಲು ಜೋಸೆಫರು ಶಿಶುವನ್ನು ರಾತ್ರೋರಾತ್ರಿ ಈಜಿಪ್ಟಿಗೆ ಒಯ್ದರು. ನಜರೇತಿನ ಜನ ಬೆಟ್ಟದಂಚಿನಿಂದ ದಬ್ಬಲು ಹೊರಟಾಗ ಯೇಸು ಅವರ ನಡುವಿನಿಂದಲೇ ಹೊರಟುಹೋದರು. ಪ್ರಧಾನ ಯಾಜಕನ ಎದುರಿನಲ್ಲಿ ಕಾವಲುಗಾರನು ಕೆನ್ನೆಗೆ ಹೊಡೆದಾಗ ಕಾರಣ ಕೇಳಿದರು. ಪೌಲರು ದಮಸ್ಕದ ಗೋಡೆಯಿಂದ ಬುಟ್ಟಿಯಲ್ಲಿ ಇಳಿದು ತಪ್ಪಿಸಿಕೊಂಡರು. ಹಿಂಸೆಯಿಂದ ತಪ್ಪಿಸಿಕೊಳ್ಳುವುದು ಅವಿಶ್ವಾಸವಾಗಿದ್ದರೆ ಇವರೆಲ್ಲರೂ ಅವಿಶ್ವಾಸಿಗಳಾಗಬೇಕಿತ್ತು.

ಧರ್ಮಸಭೆಯ ಕಾನೂನೂ ಇದನ್ನೇ ಹೇಳುತ್ತದೆ. 1983ರ ಕಾನೂನು ಸಂಹಿತೆಯ 1153ನೆಯ ನಿಯಮದಂತೆ, ಸಂಗಾತಿಯು ಇನ್ನೊಬ್ಬರ ಅಥವಾ ಮಕ್ಕಳ ಆತ್ಮಕ್ಕೋ ದೇಹಕ್ಕೋ ಗಂಭೀರ ಅಪಾಯ ತಂದೊಡ್ಡಿದರೆ ಬೇರೆಯಾಗಿ ಬಾಳಲು ನ್ಯಾಯಸಮ್ಮತ ಕಾರಣವಿದೆ. ಇದಕ್ಕೆ ಧರ್ಮಾಧ್ಯಕ್ಷರ ತೀರ್ಪು ಬೇಕು. ತಡವಾದರೆ ಅಪಾಯವೆಂದಾಗ ಸ್ವಂತ ಅಧಿಕಾರದಿಂದಲೇ ಬೇರೆಯಾಗಬಹುದು. ವಿವಾಹ ಬಂಧನವು ಅಳಿಯದು. ಒಂದೇ ಮನೆಯಲ್ಲಿ ಉಳಿಯುವ ಕಡ್ಡಾಯ ಮಾತ್ರ ಇಲ್ಲವಾಗುತ್ತದೆ. ಜಗದ್ಗುರು ಫ್ರಾನ್ಸಿಸರು 2016ರ 'ಅಮೋರಿಸ್ ಲೆತೀಸಿಯ'ದ 54ನೆಯ ಪರಿಚ್ಛೇದದಲ್ಲಿ ಸ್ತ್ರೀಯರ ಮೇಲಿನ ಹಿಂಸೆಯನ್ನು ಹೇಡಿತನವೆಂದು ಕರೆದಿದ್ದಾರೆ.

ಈ ಪ್ರಸಂಗದಲ್ಲಿ ಸಂತ ಫಬಿಯೋಲಾ ಅವರನ್ನು ನೆನೆಯಬೇಕು. ಸಂತ ಜೆರೋಮರು ಓಸಿಯಾನುಸ್ ಎಂಬವರಿಗೆ ಬರೆದ 77ನೆಯ ಪತ್ರದಿಂದ ಆಕೆಯ ಕಥೆ ತಿಳಿಯುತ್ತದೆ. ರೋಮಿನ ಶ್ರೀಮಂತ ಮನೆತನದ ಆಕೆ ತೀರ ಎಳೆಯ ಪ್ರಾಯದಲ್ಲಿ, ಸಹಿಸಲಸಾಧ್ಯವಾದ ದುರ್ನಡತೆಯ ಪತಿಯನ್ನು ಬಿಟ್ಟುಬಂದರು. ಬಿಟ್ಟುಬಂದುದಕ್ಕಾಗಿ ಜೆರೋಮರು ಆಕೆಯನ್ನು ದೂಷಿಸುವುದಿಲ್ಲ. ಮೊದಲನೆಯವನು ಬದುಕಿರುವಾಗಲೇ ಮರುಮದುವೆಯಾದುದನ್ನು ಮಾತ್ರ ತಪ್ಪೆನ್ನುತ್ತಾರೆ. ಎರಡನೆಯ ಪತಿ ತೀರಿದ ಮೇಲೆ ಆಕೆ ಬಹಿರಂಗ ಪ್ರಾಯಶ್ಚಿತ್ತ ಮಾಡಿ, ಆಸ್ತಿಯನ್ನೆಲ್ಲ ಮಾರಿ, ನಾಲ್ಕನೆಯ ಶತಮಾನದ ಕೊನೆಯಲ್ಲಿ ರೋಮಿನಲ್ಲಿ ರೋಗಿಗಳಿಗಾಗಿ ಮನೆಯೊಂದನ್ನು ಕಟ್ಟಿಸಿದರು. ಪಾಶ್ಚಾತ್ಯ ಜಗತ್ತಿನ ಮೊದಲ ಆಸ್ಪತ್ರೆಯೆಂದು ಪರಂಪರೆಯು ಅದನ್ನು ಎಣಿಸುತ್ತದೆ. ಬೇರೆಯವರು ನೋಡಲೂ ಹೇಸುವ ಹುಣ್ಣುಗಳನ್ನು ಆಕೆ ತನ್ನ ಕೈಯಿಂದಲೇ ತೊಳೆದರೆಂದು ಜೆರೋಮರು ಬರೆಯುತ್ತಾರೆ. ಕ್ರೈಸ್ತ ಶುಶ್ರೂಷೆಯ ಇತಿಹಾಸದ ಆರಂಭದಲ್ಲಿಯೇ ಮನೆಯಿಂದ ಗಾಯಗೊಂಡು ಹೊರಬಂದ ಯುವತಿಯೊಬ್ಬಳಿದ್ದಾಳೆ.

5. ನಾವು ಮಾಡಬಹುದಾದುದು

ಮೊದಲನೆಯದಾಗಿ, ಯಾಜಕರು ತಮ್ಮ ಮಿತಿಯನ್ನು ಅರಿಯಬೇಕು. ಪಾಪನಿವೇದನೆಯಲ್ಲಿ ಕೇಳಿದುದನ್ನು ಹೊರಗೆ ತರುವಂತಿಲ್ಲ. ಆದುದರಿಂದ ಅಲ್ಲಿಯೇ, 'ನೀನು ಇದನ್ನು ನಂಬಿಕೆಯ ಶುಶ್ರೂಷಕಿಗೋ ಆಪ್ತಸಮಾಲೋಚಕರಿಗೋ ಹೇಳು. ಬೇಕಾದರೆ ಸಂಸ್ಕಾರದ ಹೊರಗೆ ನನಗೂ ಹೇಳು' ಎನ್ನಬೇಕು. ಹೊಡೆದವನನ್ನೂ ಹೊಡೆಸಿಕೊಂಡವಳನ್ನೂ ಎದುರುಬದುರು ಕೂರಿಸಿ ರಾಜಿ ಮಾಡಿಸುವ ಹಳೆಯ ರೂಢಿಯನ್ನು ಬಿಡಬೇಕು. ಅಂಥ ಸಭೆಯಲ್ಲಿ ಆಡಿದ ಸತ್ಯಕ್ಕೆ ಮನೆಯಲ್ಲಿ ಶಿಕ್ಷೆ ಕಾದಿರುತ್ತದೆ.

ಎರಡನೆಯದಾಗಿ, ಪ್ರತಿ ಧರ್ಮಕೇಂದ್ರವೂ ಕೆಲವು ಸಂಖ್ಯೆಗಳನ್ನು ಕೈಯಳತೆಯಲ್ಲಿಟ್ಟುಕೊಳ್ಳಬೇಕು. ಮಹಿಳಾ ಸಹಾಯವಾಣಿ 181, ತುರ್ತು ಸೇವೆ 112. ಗಂಡು ಹೆಣ್ಣೆನ್ನದೆ ಎಲ್ಲರ ಮಾನಸಿಕ ನೆರವಿಗೆ ಟೆಲಿ ಮಾನಸ್ 14416. ಚಿಕಿತ್ಸೆ, ಕಾನೂನು ನೆರವು, ತಾತ್ಕಾಲಿಕ ವಸತಿಗಳನ್ನು ಒಂದೆಡೆ ಒದಗಿಸುವ 'ಸಖಿ' ಕೇಂದ್ರಗಳೂ ಕರ್ನಾಟಕದ 'ಸಾಂತ್ವನ' ಕೇಂದ್ರಗಳೂ ಇವೆ. ಈ ಸಂಖ್ಯೆಗಳನ್ನು ಎಲ್ಲರೂ ಗುಂಪುಗೂಡುವ ಸೂಚನಾ ಫಲಕಕ್ಕಿಂತ ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸುವುದು ಮೇಲು; ಅಲ್ಲಿ ಒಂಟಿಯಾಗಿ ನಿಂತು ಬರೆದುಕೊಳ್ಳಬಹುದು.

ಮೂರನೆಯದಾಗಿ, ಶುಶ್ರೂಷಕಿಯರನ್ನು ಧರ್ಮಸಭೆಯು ಆದರಿಸಬೇಕು. ಮಂಗಳೂರಿನಲ್ಲಿ ಫಾದರ್ ಮುಲ್ಲರ್ ಅವರು 1880ರಲ್ಲಿ ಆರಂಭಿಸಿದ ಸೇವೆಯಿಂದ ಮೊದಲ್ಗೊಂಡು ನಮ್ಮ ನಾಡಿನ ಕ್ರೈಸ್ತ ಆಸ್ಪತ್ರೆಗಳ ಬೆನ್ನೆಲುಬು ಅವರೇ. ರಾತ್ರಿಯ ಪಾಳಿಯಲ್ಲಿ ಇತರರ ಮನೆಯ ನೋವನ್ನು ಕೇಳಿ ಮುಂಜಾನೆ ತಮ್ಮ ಮನೆಯ ನೋವಿಗೆ ಮರಳುವವರೂ ಅವರಲ್ಲಿದ್ದಾರೆ. ಅವರ ಮಾತನ್ನು ಆಲಿಸುವ ಮೇಷಪಾಲನೆ ನಮ್ಮದಾಗಬೇಕು.

ಕೊನೆಯದಾಗಿ, ಗುರುಮಠದ ವಿದ್ಯಾರ್ಥಿಗಳು ಅಭಿಷೇಕಕ್ಕೆ ಮುಂಚೆ ಕೆಲವು ವಾರಗಳನ್ನಾದರೂ ಆಸ್ಪತ್ರೆಯಲ್ಲಿ, ಶುಶ್ರೂಷಕಿಯರ ಮಾರ್ಗದರ್ಶನದಲ್ಲಿ ಕಳೆಯುವುದು ಒಳಿತು. ಅಲ್ಲಿ ಪರದೆಯ ಹೊರಗೆ ನಿಲ್ಲುವುದನ್ನು ಕಲಿಯಲಿ. ನಾವು ಅದನ್ನು ಕಲಿತದ್ದು ತಡವಾಗಿ, ಒಬ್ಬ ಯುವತಿಯ ಮುರಿದ ಕೈಯ ಬೆಲೆ ತೆತ್ತು. ಅವಳು ಆಸ್ಪತ್ರೆಯಿಂದ ಮನೆಗೆ ಹೋಗಲಿಲ್ಲ; ಶುಶ್ರೂಷಕಿಯ ನೆರವಿನಿಂದ ಧರ್ಮಭಗಿನಿಯರ ವಿದ್ಯಾರ್ಥಿನಿಲಯವೊಂದರಲ್ಲಿ ಇದ್ದು ಓದು ಮುಗಿಸಿದಳು. ಆಮೇಲೆ ಒಮ್ಮೆ ನಮ್ಮನ್ನು ಕಂಡಾಗ ಅವಳು ತಂದೆಯ ಕುರಿತು ಏನನ್ನೂ ಹೇಳಲಿಲ್ಲ. ಕ್ಷಮಿಸಿದೆಯಾ ಎಂದು ನಾವು ಕೇಳಲೂ ಇಲ್ಲ. ಈಗ ಎಲ್ಲಿದ್ದೀಯ, ಕ್ಷೇಮವೆ ಎಂದಷ್ಟೇ ಕೇಳಿದೆವು.